ಮೀನಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಯಾರು ಬರೆಯುತ್ತಾರೆ? ನಮ್ಮನ್ನು ಯಾರೂ ಕೇಳಿಲ್ಲವಲ್ಲ!

ಪ್ರಶ್ನೆ (ಮಲ್ಪೆ, ಪರ್ಸೀನ್ ಬೋಟಿನವರು):
ಮೇಡಂ, ನಮಸ್ಕಾರ. ನೀವು ರಫ್ತು ಘಟಕದಲ್ಲಿ ಕ್ವಾಲಿಟಿ ನೋಡುವವರು, ಅದಕ್ಕೇ ಕೇಳುತ್ತಿದ್ದೇನೆ. ಕಳೆದ ಸೀಸನ್‌ನಲ್ಲಿ ನಮ್ಮ ಬಂಗುಡೆಯ ಒಂದು ಲೋಡನ್ನು ಹಿಸ್ಟಮಿನ್ ಜಾಸ್ತಿ ಇದೆ ಅಂತ ಒಂದು ಫ್ಯಾಕ್ಟರಿಯವರು ವಾಪಸ್ ಕಳಿಸಿದರು. ಮೀನು ನೋಡಲು ಚೆನ್ನಾಗಿಯೇ ಇತ್ತು, ವಾಸನೆಯೂ ಇರಲಿಲ್ಲ. ಕೇಳಿದರೆ "ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್, 200" ಅಂದರು. ಈ 200 ಯಾರು ಹೇಳಿದ್ದು? ಎಲ್ಲೋ ಯುರೋಪಿನಲ್ಲಿ ಕೂತು ಬರೆದದ್ದನ್ನು ಮಲ್ಪೆಯ ಕಲಾಸಿಗಳು ಯಾಕೆ ಪಾಲಿಸಬೇಕು?

ಉತ್ತರ:
ನಮಸ್ಕಾರ ಅಣ್ಣ. ಈ ಒಂದು ನಂಬರ್ ಮಟ್ಟಿಗೆ ನಾನು ಫ್ಯಾಕ್ಟರಿಯ ಕಡೆ. ಯಾಕೆ ಅಂತ ಹೇಳುತ್ತೇನೆ.

ಬಂಗುಡೆ, ಬೂತಾಯಿ, ಟ್ಯೂನಾದ ಮಾಂಸದಲ್ಲಿ ಹಿಸ್ಟಿಡಿನ್ ಅನ್ನುವ ಅಂಶ ಜಾಸ್ತಿ. ಮೀನು ಸತ್ತ ಮೇಲೆ ಐಸ್ ಬೀಳುವುದು ತಡವಾದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಒಮ್ಮೆ ಆಯಿತು ಅಂದರೆ ಮುಗಿಯಿತು. ಆಮೇಲೆ ಎಷ್ಟು ಐಸ್ ಹಾಕಿದರೂ, ಫ್ರೀಜ್ ಮಾಡಿದರೂ, ಕುದಿಸಿದರೂ, ಡಬ್ಬಿಯಲ್ಲಿ ಹಾಕಿ ಬೇಯಿಸಿದರೂ ಹೋಗುವುದಿಲ್ಲ. ವಾಸನೆ ಬರಲೇಬೇಕು ಅಂತಲೂ ಇಲ್ಲ. ಕಿವಿರು ಕೆಂಪಗಿರುವ ಮೀನಿನಲ್ಲೂ ಇರಬಹುದು. ತಿಂದವರಿಗೆ ಸ್ವಲ್ಪ ಹೊತ್ತಿನಲ್ಲೇ ಮುಖ ಕೆಂಪಾಗಿ, ತುರಿಕೆ, ತಲೆನೋವು ಶುರು.

200 ಅಂದರೆ ಒಂದು ಕೆಜಿ ಮೀನಿನಲ್ಲಿ 200 ಮಿಲಿಗ್ರಾಂ. ಇದು ಕೋಡೆಕ್ಸ್ ಮಿತಿ. ಕೋಡೆಕ್ಸ್ ಯುರೋಪಿನದ್ದಲ್ಲ. ವಿಶ್ವಸಂಸ್ಥೆಯ ಆಹಾರ-ಕೃಷಿ ಸಂಸ್ಥೆ ಎಫ್‌ಎಒ ಮತ್ತು ಆರೋಗ್ಯ ಸಂಸ್ಥೆ ಡಬ್ಲ್ಯುಎಚ್‌ಒ ಸೇರಿ 1963ರಲ್ಲಿ ಶುರು ಮಾಡಿದ ಆಹಾರ ಗುಣಮಟ್ಟದ ಆಯೋಗ, ಭಾರತವೂ ಸದಸ್ಯ. ಮಿತಿ ಮೊದಲೇ ಇತ್ತು. 2012ರಲ್ಲಿ ಆ ಎರಡು ಸಂಸ್ಥೆಗಳ ತಜ್ಞರು ಕೂತು ಲೆಕ್ಕ ಹಾಕಿದರು: ಆರೋಗ್ಯವಂತ ಮನುಷ್ಯನಿಗೆ 50 ಮಿಲಿಗ್ರಾಂ ತನಕ ತೊಂದರೆ ಕಾಣುವುದಿಲ್ಲ, ಒಂದು ಊಟಕ್ಕೆ ತಿನ್ನುವ ಮೀನು ಹೆಚ್ಚೆಂದರೆ 250 ಗ್ರಾಂ. ಕಾಲು ಕೆಜಿಗೆ 50 ಅಂದರೆ ಕೆಜಿಗೆ 200. ಇಷ್ಟೇ ಗಣಿತ. ನಿಮ್ಮ ಹತ್ತಿರ ಬೇರೆ ಲೆಕ್ಕ ಇದ್ದರೆ ವಾದ ಮಾಡಬಹುದು, ಆದರೆ ಇದನ್ನು ಗಾಳಿಯಲ್ಲಿ ಬರೆದದ್ದು ಅನ್ನಲು ಬರುವುದಿಲ್ಲ.

ಯುರೋಪಿನ ನಿಯಮ ಇದಕ್ಕಿಂತ ಬಿಗಿ. ಒಂದು ಲಾಟ್‌ನಿಂದ (ಒಟ್ಟಿಗೆ ಬಂದ ಮಾಲಿನಿಂದ) 9 ಮಾದರಿ ತೆಗೆಯುತ್ತಾರೆ. ಸರಾಸರಿ 100 ದಾಟಬಾರದು, 100ರಿಂದ 200ರ ನಡುವೆ ಎರಡಕ್ಕಿಂತ ಜಾಸ್ತಿ ಇರಬಾರದು, 200 ಮೇಲೆ ಒಂದೂ ಇರಬಾರದು. ಒಂಬತ್ತು ಯಾಕೆ ಅಂದರೆ ಒಂದೇ ಕ್ರೇಟಿನಲ್ಲಿ ಪಕ್ಕಪಕ್ಕದ ಎರಡು ಬಂಗುಡೆಗಳ ಅಂಕಿ ಅಜಗಜಾಂತರ ಇರುತ್ತದೆ. ಮೊದಲು ಐಸ್ ಬಿದ್ದದ್ದು ಒಂದು, ರಾಶಿಯ ಒಳಗೆ ಸಿಕ್ಕಿಕೊಂಡು ಬಿಸಿಯಾಗಿದ್ದದ್ದು ಇನ್ನೊಂದು. ಇನ್ನು ಮುಂದೆ ಲೋಡ್ ವಾಪಸ್ ಬಂದರೆ "ರಿಜೆಕ್ಟ್" ಅನ್ನುವ ಒಂದು ಮಾತಿಗೆ ತೃಪ್ತರಾಗಬೇಡಿ, ಎಷ್ಟು ಮಾದರಿ ತೆಗೆದಿರಿ, ಒಂದೊಂದರ ಅಂಕಿ ಎಷ್ಟು ಅಂತ ಕೇಳಿ. ಬರೀ ಒಂದು ಮೀನು ನೋಡಿ ಬಿಟ್ಟಿದ್ದರೆ ಆಗ ಜಗಳ ಮಾಡಿ, ನಾನೂ ನಿಮ್ಮ ಕಡೆ ಬರುತ್ತೇನೆ.

ಪ್ರಶ್ನೆ (ಕುಮಟಾ, ಸಿಗಡಿ ಹೊಂಡ ಮಾಡುವವರು):
ನಮಗೆ ಹಿಸ್ಟಮಿನ್ ತಲೆನೋವಿಲ್ಲ, ನಮ್ಮ ತಲೆನೋವು ಕಾಗದ. ಹೊಂಡದ ನಂಬರ್, ಹ್ಯಾಚರಿ ಬಿಲ್, ಫೀಡ್ ಚೀಲದ ಬ್ಯಾಚ್, ಎಲ್ಲ ಬರೆದಿಡಿ ಅನ್ನುತ್ತಾರೆ. ಒಬ್ಬರು ಐಎಸ್‌ಒ ಅನ್ನುತ್ತಾರೆ, ಇನ್ನೊಬ್ಬರು ಬಿಎಪಿ ಅನ್ನುತ್ತಾರೆ. ಎರಡೂ ಒಂದೇನಾ? ಕಡ್ಡಾಯನಾ?

ಉತ್ತರ:
ಒಂದೇ ಅಲ್ಲ. ಬಿಎಪಿ, ಎಎಸ್‌ಸಿ ಇವೆಲ್ಲ ಖಾಸಗಿ ಸರ್ಟಿಫಿಕೇಟ್, ಕೊಳ್ಳುವವರು ಕೇಳಿದರೆ ಮಾಡಿಸಬೇಕು, ಇಲ್ಲದಿದ್ದರೆ ಇಲ್ಲ. ಐಎಸ್‌ಒ ದೇಶಗಳ ಗುಣಮಟ್ಟ ಸಂಸ್ಥೆಗಳ ಕೂಟ. ನಮ್ಮ ಕಡೆಯಿಂದ ಬಿಐಎಸ್ ಸದಸ್ಯ, ಚಿನ್ನಕ್ಕೆ ಹಾಲ್‌ಮಾರ್ಕ್ ಕೊಡುತ್ತದಲ್ಲ, ಅದೇ. ಐಎಸ್‌ಒ ಕಾಗದವೂ ತಾನಾಗಿ ಕಾನೂನಲ್ಲ. ಕಾನೂನು ಅಂದರೆ ನಿಮ್ಮ ಹೊಂಡಕ್ಕೆ ಕೋಸ್ಟಲ್ ಅಕ್ವಾಕಲ್ಚರ್ ಅಥಾರಿಟಿಯ ನೋಂದಣಿ, ನಿಷೇಧಿತ ಆಂಟಿಬಯೋಟಿಕ್ ಹಾಕದಿರುವುದು, ಇಂಥವು. ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್ ವಿಷಯದಲ್ಲಿ ಮಾತ್ರ ಚೌಕಾಸಿ ಬೇಡ.

ಐಎಸ್‌ಒ ಒಳಗೆ ಮೀನುಗಾರಿಕೆ ಮತ್ತು ಮೀನು ಸಾಕಣೆಗೆ ಅಂತಲೇ ಒಂದು ಸಮಿತಿ ಇದೆ, ಟಿಸಿ 234. ಶುರುವಾದದ್ದು 2007ರಲ್ಲಿ, ಅದರ ಕಚೇರಿ ಕೆಲಸ ನಾರ್ವೆಯ ಗುಣಮಟ್ಟ ಸಂಸ್ಥೆಯ ಕೈಯಲ್ಲಿ. ಕೋಡೆಕ್ಸ್‌ನ ಮೀನು ಸಮಿತಿಯನ್ನೂ ವರ್ಷಗಟ್ಟಲೆ ನಡೆಸಿದ್ದು ನಾರ್ವೆಯೇ! ಟಿಸಿ 234 ಹೊರಡಿಸಿದ್ದರ ಪಟ್ಟಿ ನೋಡಿ: 2011ರಲ್ಲಿ ಮೀನಿನ ಜಾಡು ಹಿಡಿಯುವ ದಾಖಲೆ ಬಗ್ಗೆ ಎರಡು, ಸಮುದ್ರದಲ್ಲಿ ಹಿಡಿದ ಮೀನಿಗೆ 12875, ಸಾಕಿದ ಮೀನಿಗೆ 12877. ಆಮೇಲೆ ಸಮುದ್ರದ ಪಂಜರ ಹೇಗೆ ಕಟ್ಟಬೇಕು, ಪಂಜರದ ಕೆಳಗಿನ ಕೆಸರು ಹೇಗೆ ಪರೀಕ್ಷಿಸಬೇಕು, ಮೀನಿಗೆ ಹತ್ತುವ ಹೇನು ಹೇಗೆ ಎಣಿಸಬೇಕು. ಸಮುದ್ರದ ಹೇನು ನಾರ್ವೆಯವರಂಥ ಸಾಲ್ಮನ್ ಮೀನು ಸಾಕುವವರ ಗೋಳು. ಅಡುಗೆ ಯಾರ ಮನೆಯದ್ದು ಅಂತ ಒಗ್ಗರಣೆ ವಾಸನೆಯಲ್ಲೇ ಗೊತ್ತಾಗುತ್ತದೆ.

ಇದನ್ನು ನಾನು ದೂರು ಅಂತ ಹೇಳುತ್ತಿಲ್ಲ. ನಾರ್ವೆಯವರು ಪಂಜರದಿಂದ ಮೀನು ತಪ್ಪಿಸಿಕೊಂಡು ಹೋಗುವುದನ್ನು ತಡೆಯಲು 2003ರಲ್ಲೇ ತಮ್ಮದೇ ಸ್ಟ್ಯಾಂಡರ್ಡ್ ಮಾಡಿಕೊಂಡಿದ್ದರು. ಬರೆದು ಇಟ್ಟುಕೊಂಡವರು ಮೇಜಿನ ಮೇಲೆ ಕರಡು ಇಡುತ್ತಾರೆ, ಬರೆಯದವರು ಅದರ ಮೇಲೆ ಅಭಿಪ್ರಾಯ ಹೇಳುತ್ತಾರೆ, ಬಾರದವರು ಕೊನೆಗೆ ಪಾಲಿಸುತ್ತಾರೆ. ನಾವು ಬಹಳ ಸಲ ಮೂರನೇ ಗುಂಪಿನಲ್ಲಿ ಇರುತ್ತೇವೆ, ಅದು ನನ್ನ ಸಿಟ್ಟು.

ನಿಮ್ಮ ಕಾಗದದ ವಿಷಯಕ್ಕೆ ಬಂದರೆ, ಸಾಕಿದ ಸಿಗಡಿ ಜಾತಿಗೂ ಜಾಡು ಹಿಡಿಯುವ ದಾಖಲೆಯ ಅದೇ ತರಹದ ಐಎಸ್‌ಒ ಒಂದಿದೆ, 16741. ಅದು ಸಿಗಡಿ ಚೆನ್ನಾಗಿದೆ ಕೆಟ್ಟಿದೆ ಅಂತ ಹೇಳುವುದಿಲ್ಲ. ಹ್ಯಾಚರಿಯಿಂದ ಅಂಗಡಿ ತನಕ ಕೈ ಬದಲಾದ ಕಡೆಯಲ್ಲೆಲ್ಲ ಯಾರಿಂದ ಬಂತು, ಯಾರಿಗೆ ಹೋಯಿತು ಅಂತ ಬರೆದಿಡಿ ಅನ್ನುತ್ತದೆ, ಅಷ್ಟೇ. ಎರಡು ಹೊಂಡದ ಮಾಲು ಬೆರೆಸಲೇಬಾರದು ಅಂತ ಅಲ್ಲ, ಬೆರೆಸಿದರೆ ಯಾವ ಎರಡು ಅಂತ ಬರೆಯಿರಿ. ಮುಂದೆ ಒಂದು ಪೆಟ್ಟಿಗೆಯಲ್ಲಿ ಆಂಟಿಬಯೋಟಿಕ್ ಸಿಕ್ಕಿತು ಅಂದುಕೊಳ್ಳಿ, ದಾಖಲೆ ಇದ್ದರೆ ಆ ಹೊಂಡಕ್ಕೆ ಮಾತ್ರ ಪೆಟ್ಟು, ಇಲ್ಲದಿದ್ದರೆ ಇಡೀ ಕಂಟೇನರ್‌ಗೆ.

ಪ್ರಶ್ನೆ (ಮಂಗಳೂರು ದಕ್ಕೆ, ಟ್ರಾಲ್ ಬೋಟಿನವರು):
ಕಡ್ಡಾಯ ಅಲ್ಲ ಅಂತೀರಿ, ಆದರೆ ಆಮೆಯ ಹೆಸರು ಹೇಳಿ ಅಮೆರಿಕ ನಮ್ಮ ಸಮುದ್ರದ ಸಿಗಡಿ ನಿಲ್ಲಿಸಿತಲ್ಲ? ಅದು ಯಾವ ಸ್ಟ್ಯಾಂಡರ್ಡ್?

ಉತ್ತರ:
ಅದು ಸ್ಟ್ಯಾಂಡರ್ಡ್ ಅಲ್ಲ, ಅಮೆರಿಕದ ಸ್ವಂತ ಕಾನೂನು, 1989ರದ್ದು. ಬಲೆಯಲ್ಲಿ ಆಮೆ ಹೊರಗೆ ಹೋಗುವ ಸಾಧನ, ಟೆಡ್ ಅನ್ನುತ್ತಾರಲ್ಲ, ಅದು ಇಲ್ಲದ ದೇಶದ ಸಮುದ್ರ ಸಿಗಡಿ ಬೇಡ ಅನ್ನುತ್ತದೆ. 2019ರಿಂದ ನಮ್ಮದಕ್ಕೆ ತಡೆ. ಸಾಕಿದ ಸಿಗಡಿಗೆ ಈ ತಡೆ ಇಲ್ಲ, ಹಾಗಾಗಿ ಕುಮಟಾದವರ ವನ್ನಾಮಿ ಸಿಗಡಿಗೆ ಇದು ತಾಗುವುದಿಲ್ಲ, ನಿಮಗೆ ತಾಗುತ್ತದೆ.

ಇದರ ಹಳೇ ಕಥೆ ಗೊತ್ತಿರಲಿ. ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ಸೇರಿ ಈ ಕಾನೂನಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆಗೆ (ಡಬ್ಲ್ಯುಟಿಒ) ಹೋದವು. 1998ರಲ್ಲಿ ಮೇಲ್ಮನವಿ ಪೀಠ ತೀರ್ಪು ಕೊಟ್ಟಿತು. ಆಮೆ ಉಳಿಸುವ ಉದ್ದೇಶ ತಪ್ಪಲ್ಲ, ಆದರೆ ಜಾರಿ ಮಾಡಿದ ರೀತಿ ಸರಿಯಿಲ್ಲ ಅಂದಿತು. ಯಾಕೆಂದರೆ ಕೆರಿಬಿಯನ್ ಕಡೆಯ ದೇಶಗಳಿಗೆ ಮೂರು ವರ್ಷ ಟೈಮ್ ಕೊಟ್ಟಿದ್ದರು, ನಮ್ಮಂಥವರಿಗೆ ನಾಲ್ಕೇ ತಿಂಗಳು. ನಾವು ಗೆದ್ದೆವು ಅಂತ ಸುಮ್ನೆ ಕೂತೆವು, ಅವರು ಜಾರಿ ವಿಧಾನ ತಿದ್ದಿಕೊಂಡರು, ಕಾನೂನು ಉಳಿಯಿತು. ಕೊಚ್ಚಿಯ ಸಿಐಎಫ್‌ಟಿ (ಕೇಂದ್ರದ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ) ನಮ್ಮ ಬಲೆಗೆ ಹೊಂದುವ ಟೆಡ್ ಮಾಡಿದೆ. ಒಂದಿಷ್ಟು ಸಿಗಡಿ ತಪ್ಪಿ ಹೋಗುತ್ತದೆ ಅನ್ನುವ ನಿಮ್ಮ ಆಕ್ಷೇಪ ನನಗೆ ಗೊತ್ತು. ಅದಕ್ಕೇ ನಮ್ಮ ನೀರಿನಲ್ಲಿ ಎಷ್ಟು ತಪ್ಪುತ್ತದೆ ಅಂತ ಬೋಟಿನವರೇ ತೂಕ ಮಾಡಿ ಬರೆದಿಟ್ಟರೆ ಒಳ್ಳೆಯದು. ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ.

ಪ್ರಶ್ನೆ (ಮಲ್ಪೆಯವರೇ):
ಸರಿ ಮೇಡಂ, ಬಾರದವರು ಪಾಲಿಸುತ್ತಾರೆ ಅಂದಿರಿ. ಬರುವುದು ಹೇಗೆ? ನಾರ್ವೆಗೆ ಹೋಗುವುದಾ?

ಉತ್ತರ:
ಬೇಡ ಅಣ್ಣ. ಒಂದು ಐಎಸ್‌ಒ ಸ್ಟ್ಯಾಂಡರ್ಡ್ ಆಗಲು ಮೊದಲು ಪ್ರಸ್ತಾವ ಬರಬೇಕು, ಬರೀ ವೋಟ್ ಸಾಲದು, ಕನಿಷ್ಠ ನಾಲ್ಕೈದು ದೇಶಗಳು ತಜ್ಞರನ್ನು ಕೊಡಲು ಒಪ್ಪಬೇಕು. ಆಮೇಲೆ ಕರಡು, ಚರ್ಚೆ, ಮತ್ತೆ ಕರಡು. ಕೊನೆಯ ಹಂತದ ಮತದಾನದಲ್ಲಿ ಒಂದು ದೇಶಕ್ಕೆ ಒಂದೇ ವೋಟ್, ದೊಡ್ಡವರು ಸಣ್ಣವರು ಅಂತಿಲ್ಲ. ಭಾಗವಹಿಸುವ ದೇಶಗಳಲ್ಲಿ ಮೂರರಲ್ಲಿ ಎರಡು ಪಾಲು ಒಪ್ಪಬೇಕು, ಒಟ್ಟು ಮತದಲ್ಲಿ ಬೇಡ ಅನ್ನುವವರು ಕಾಲು ಭಾಗ ದಾಟಬಾರದು. ಐದು ವರ್ಷಕ್ಕೊಮ್ಮೆ ಮರುಪರಿಶೀಲನೆ ಇರುತ್ತದೆ, ಹಾಗಾಗಿ ಹಳೆಯದನ್ನೂ ಕೆದಕಬಹುದು.

ಬಾಗಿಲು ಬಿಐಎಸ್. ಕರಡುಗಳನ್ನು ಸಾರ್ವಜನಿಕರ ಅಭಿಪ್ರಾಯಕ್ಕೆ ಬಿಡುತ್ತಾರೆ, ಸಂಘದ ಹೆಸರಲ್ಲಿ ಬರೆಯಬಹುದು, ಒಬ್ಬರೇ ಇದ್ದರೂ ಬರೆಯಬಹುದು. ಕೋಡೆಕ್ಸ್ ವಿಷಯವಾದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್‌ಎಸ್‌ಎಸ್‌ಎಐ. ಕೋಡೆಕ್ಸ್ ಕಾಗದ ಪುಕ್ಕಟೆ ಓದಬಹುದು, ಐಎಸ್‌ಒದನ್ನು ಮಾತ್ರ ದುಡ್ಡು ಕೊಟ್ಟು ಕೊಳ್ಳಬೇಕು, ಬೆಲೆ ಸ್ವಿಸ್ ಫ್ರಾಂಕ್‌ನಲ್ಲಿ (ಬೋಟಿನವರು ಪಾಲಿಸಬೇಕಾದ್ದನ್ನು ಬೋಟಿನವರೇ ಕೊಂಡು ಓದಬೇಕು, ಏನು ನ್ಯಾಯವೋ).

ಬರೆಯುವ ರೀತಿ ಮುಖ್ಯ. "ಬಡ ಮೀನುಗಾರರಿಗೆ ಅನ್ಯಾಯ" ಅಂತ ಬರೆದರೆ ಓದಿ ಪಕ್ಕಕ್ಕಿಡುತ್ತಾರೆ. ಅವರ ಫಾರ್ಮಿನಲ್ಲಿ ಕಾಲಂ ಇರುತ್ತದೆ: ಯಾವ ಕಲಂ, ಏನು ತೊಂದರೆ, ಅದರ ಬದಲು ಯಾವ ಮಾತು ಹಾಕಬೇಕು. ಮೂರನೇ ಕಾಲಂ ಖಾಲಿ ಬಿಟ್ಟರೆ ಬರೆದದ್ದೆಲ್ಲ ವ್ಯರ್ಥ. ಉದಾಹರಣೆಗೆ, ದಾಖಲೆಯಲ್ಲಿ ಒಂದೇ ಬೋಟಿನ ಹೆಸರಿಗೆ ಜಾಗ ಇದ್ದು, ನಿಮ್ಮ ಬಂದರಿನಲ್ಲಿ ನಾಲ್ಕು ಬೋಟಿನ ಬಂಗುಡೆಯನ್ನು ಸೈಜ್ ಪ್ರಕಾರ ವಿಂಗಡಿಸಿ ಒಟ್ಟಿಗೆ ಏಲಂ ಹಾಕುತ್ತೀರಿ ಅಂದುಕೊಳ್ಳಿ. ಆಗ "ಲಾಟ್‌ಗೆ ಸೇರಿದ ಎಲ್ಲ ಬೋಟುಗಳ ನೋಂದಣಿ ಸಂಖ್ಯೆ ಮತ್ತು ಇಳಿಸಿದ ದಿನ" ಅಂತ ಬದಲಿ ಮಾತನ್ನು ನೀವೇ ಬರೆದುಕೊಡಬೇಕು.

ಪ್ರಶ್ನೆ (ಮಲ್ಪೆ):
ಇಂಗ್ಲಿಷ್‌ನಲ್ಲೇ ಬರೆಯಬೇಕಾ?

ಉತ್ತರ:
ಕರಡು ಇಂಗ್ಲಿಷ್‌ನಲ್ಲಿ ಇರುತ್ತದೆ, ಉತ್ತರವೂ ಹಾಗೇ ಹೋಗುವುದು ವಾಸಿ. ನೀವು ತಂಡೇಲರ (ಬೋಟ್ ನಡೆಸುವವರ) ಜೊತೆ ಕೂತು ಬಲೆ ಎಳೆದಲ್ಲಿಂದ ಏಲಂ ತನಕ ಮೀನು ಯಾರ್ಯಾರ ಕೈ ದಾಟುತ್ತದೆ, ಐಸ್ ಯಾವಾಗ ಬೀಳುತ್ತದೆ ಅಂತ ಕನ್ನಡದಲ್ಲೇ ಬರೆದು ಇಲ್ಲಿ ಹಾಕಿ, ಕಾಲಂಗೆ ನಾನು ಇಳಿಸಿಕೊಡುತ್ತೇನೆ. ಜೂನ್, ಜುಲೈ ನಿಷೇಧದ ಹೊತ್ತಿನಲ್ಲಿ ಮಾಡಿದರೆ ಎಲ್ಲರೂ ದಡದಲ್ಲೇ ಸಿಗುತ್ತಾರೆ.