ಕರೆಂಟ್ ಹೋದರೆ ಸೋಲಾರೂ ಬಂದ್: ಲಿಥಿಯಂ ಬ್ಯಾಟರಿ ಹಾಕಿಸುವುದಾ, ಟ್ಯೂಬ್ಯುಲರ್ ಸಾಕಾ?

ಬ್ರಹ್ಮಾವರ ತೋಟ:
ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಆನ್‌ಗ್ರಿಡ್ ಸೋಲಾರ್ (ಲೈನಿಗೆ ಜೋಡಿಸಿದ್ದು, ಬ್ಯಾಟರಿ ಇಲ್ಲ) ಹಾಕಿಸಿದ್ದೇವೆ. 78,000 ರೂಪಾಯಿ ಸಬ್ಸಿಡಿ ಬಂದಿದೆ, ಬಿಲ್ಲಿನ ವಿಷಯದಲ್ಲಿ ತಕರಾರಿಲ್ಲ. ಆದರೆ ಕಳೆದ ಮಳೆಗಾಲ ಲೈನಿನ ಮೇಲೆ ಹಲಸಿನ ಮರ ಬಿದ್ದು ಎರಡು ದಿನ ಕರೆಂಟಿಲ್ಲ. ನಡುವೆ ಒಳ್ಳೆ ಬಿಸಿಲು ಬಂದರೂ ಮನೆಯಲ್ಲಿ ಒಂದು ಬಲ್ಬ್ ಉರಿಯಲಿಲ್ಲ. ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದೆಂದು ಆನ್‌ಗ್ರಿಡ್ ಇನ್ವರ್ಟರ್ ತಾನಾಗಿ ಆಫ್ ಆಗ್ತದೆ, ಅದು ಸರಿಯೇ. ಹಾಗಾಗಿ ಈಗ ಕರೆಂಟ್ ಹೋದಾಗಲೂ ನಡೆಯುವ ಹೈಬ್ರಿಡ್ ಇನ್ವರ್ಟರ್, ಬ್ಯಾಟರಿ ಹಾಕಿಸುವ ಅಂತ. ಎರಡು ಕೊಟೇಶನ್ ಕೈಯಲ್ಲುಂಟು: ಒಂದು 51.2 ವೋಲ್ಟ್ 100 ಎಎಚ್ ಲಿಥಿಯಂ (ಎಲ್‌ಎಫ್‌ಪಿ), ಇನ್ನೊಂದು 150 ಎಎಚ್‌ನ ನಾಲ್ಕು ಟ್ಯೂಬ್ಯುಲರ್ (ಆಗಾಗ ನೀರು ಹಾಕುವ ಲೆಡ್ ಆಸಿಡ್ ಬ್ಯಾಟರಿ). ಲಿಥಿಯಂಗೆ ಹೆಚ್ಚುಕಮ್ಮಿ ಎರಡರಷ್ಟು ರೇಟು. ಬ್ಯಾಟರಿಗೆ ಸಬ್ಸಿಡಿ ಇಲ್ಲ, ಪೂರಾ ಕೈಯಿಂದಲೇ. ನಾಲ್ಕು ಫ್ಯಾನ್, ಲೈಟು, ಫ್ರಿಜ್, ವೈಫೈ ನಡೆಯಬೇಕು. ಆಗುವುದಾದರೆ ಬಾವಿಯ ಮುಕ್ಕಾಲು ಎಚ್‌ಪಿ ಪಂಪೂ. ಬಳಸಿದವರು ಹೇಳಿ.

ಎಂಡ್‌ಪಾಯಿಂಟ್ ಮಣಿಪಾಲ:
ಲಿಥಿಯಂ. ಎರಡನೇ ಮಾತೇ ಇಲ್ಲ. ಲೆಕ್ಕ ನೋಡಿ: 51.2 ಗುಣಿಸು 100 ಅಂದರೆ 5.12 ಯೂನಿಟ್, ಅದರಲ್ಲಿ ನಾಲ್ಕು ಯೂನಿಟ್ ಆರಾಮವಾಗಿ ಬಳಸಬಹುದು. 12 ವೋಲ್ಟ್‌ನ ನಾಲ್ಕು ಟ್ಯೂಬ್ಯುಲರ್ ಕಾಗದದಲ್ಲಿ 7.2 ಯೂನಿಟ್. ಆದರೆ ಇನ್ವರ್ಟರ್ ಬ್ಯಾಟರಿಯ ಮೇಲೆ ಬರೆದ 150 ಎಎಚ್ ಸಾಮಾನ್ಯವಾಗಿ ಸಿ20 ಲೆಕ್ಕದ್ದು, ಅಂದರೆ 20 ಗಂಟೆ ನಿಧಾನಕ್ಕೆ ಎಳೆದರೆ ಮಾತ್ರ ಸಿಗುವುದು. ನಾಲ್ಕೈದು ಗಂಟೆಯಲ್ಲಿ ಎಳೆದರೆ ಅಷ್ಟು ಸಿಗುವುದಿಲ್ಲ. ಮೇಲಿಂದ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಲ್ಲಿಗೆ ಉಳಿದದ್ದು 3.6. ಚಾರ್ಜ್ ಮಾಡುವಾಗಲೂ ಲಿಥಿಯಂ ನೂರಕ್ಕೆ ತೊಂಬತ್ತೈದರಷ್ಟು ಹಿಂದೆ ಕೊಡ್ತದೆ, ಲೆಡ್ ಆಸಿಡ್ ಎಂಬತ್ತರ ಆಸುಪಾಸು. ಜುಲೈಯಲ್ಲಿ ಬಿಸಿಲು ಬರುವುದೇ ಅಪರೂಪ, ಬಂದದ್ದನ್ನೂ ಕಳೆದುಕೊಳ್ಳುವುದು ಯಾಕೆ? ನೀರು ಹಾಕುವ ಮಂಡೆಬಿಸಿಯೂ ಇಲ್ಲ.

ಕಾರ್ಕಳ ಗ್ಯಾರೇಜ್:
"ನೀರು ಹಾಕುವ ಮಂಡೆಬಿಸಿ" ಅಂತೆ! ತಿಂಗಳಿಗೊಮ್ಮೆ ನೀರಿನ ಮಟ್ಟ ತೋರಿಸುವ ಫ್ಲೋಟ್ ನೋಡುವುದು, ಇಳಿದಿದ್ದರೆ ಆರು ಸೆಲ್ಲಿಗೂ ಸ್ವಲ್ಪ ಸ್ವಲ್ಪ ಹೊಯ್ಯುವುದು. ಇದೂ ಆಗದಿದ್ದರೆ ಮನೆಯಲ್ಲಿ ಏನೂ ಇಡಬಾರದು. ನಾನು ಬ್ಯಾಟರಿ ಕೆಲಸದಲ್ಲೇ ತಲೆ ಹಣ್ಣು ಮಾಡಿಕೊಂಡವ. ಟ್ಯೂಬ್ಯುಲರ್ ಹಾಳಾದರೆ ಯಾವ ಸೆಲ್ ಹೋಗಿದೆ ಅಂತ ಹೈಡ್ರೋಮೀಟರ್ ಇಟ್ಟು ಹೇಳ್ತೇನೆ. ಲಿಥಿಯಂನಲ್ಲಿ ಬ್ಯಾಟರಿಯನ್ನು ಕಾಯುವ ಬಿಎಂಎಸ್ ಬೋರ್ಡ್ ಹೋದರೆ ಇಡೀ ಪೆಟ್ಟಿಗೆ ಹೊತ್ತುಕೊಂಡು ಬೆಂಗಳೂರಿಗೆ. ಹಳೆ ಟ್ಯೂಬ್ಯುಲರ್‌ಗೆ ಗುಜರಿಯಲ್ಲೂ ಕೆಜಿ ಲೆಕ್ಕದಲ್ಲಿ ದುಡ್ಡು ಸಿಗ್ತದೆ, ಹಳೆ ಲಿಥಿಯಂಗೆ ಯಾರು ಕೊಡ್ತಾರೆ? ಮತ್ತೆ ನೀರಿಗೆ ಖರ್ಚೂ ಇಲ್ಲ, ನಮ್ಮಲ್ಲಿ ಮಳೆಗಾಲ ಉಂಟಲ್ಲ.

ಕೊಟ್ಟಾರ ಕೆಮಿಸ್ಟ್ರಿ:
"ನಮ್ಮಲ್ಲಿ ಮಳೆಗಾಲ ಉಂಟಲ್ಲ" ಅಂದರೆ ಏನರ್ಥ? ಬ್ಯಾಟರಿಗೆ ಮಳೆನೀರು ಹಾಕಿ ಅಂತ ಹೇಳ್ತಿದ್ದೀರಾ? ದಯವಿಟ್ಟು ಬೇಡ. ನೈರುತ್ಯ ಮಾನ್ಸೂನ್ ಅರಬ್ಬಿ ಸಮುದ್ರದ ಮೇಲಿನಿಂದಲೇ ಬರುವುದು. ಅಲೆಯಿಂದ ಎದ್ದ ಉಪ್ಪಿನ ಕಣ ಗಾಳಿಯಲ್ಲಿರ್ತದೆ, ಮಳೆ ಅದನ್ನು ತೊಳೆದುಕೊಂಡು ಇಳಿಯುತ್ತದೆ. ಕರಾವಳಿಯ ಮಳೆನೀರಿನಲ್ಲಿ ಕ್ಲೋರೈಡ್ ಇದ್ದೇ ಇರ್ತದೆ. ಆ ಕ್ಲೋರೈಡ್ ಪಾಸಿಟಿವ್ ಪ್ಲೇಟಿನ ಸೀಸವನ್ನು ತಿನ್ನುತ್ತದೆ. ಬ್ಯಾಟರಿ ನೀರಿಗೆಂದೇ ಐಎಸ್ 1069 ಎಂಬ ಭಾರತೀಯ ಮಾನದಂಡ ಉಂಟು. ಕ್ಲೋರೈಡ್, ಕಬ್ಬಿಣ, ತಾಮ್ರ ಎಷ್ಟಕ್ಕಿಂತ ಹೆಚ್ಚಿರಬಾರದು ಅಂತ ಅದರಲ್ಲಿದೆ.

ಕುಂದಾಪ್ರ ಹೈದ:
ಹ್ವಾಯ್, ಎಂತ ಮಾರಾಯ್ರೆ! ನಮ್ಮ ಅಪ್ಪಯ್ಯನ ಲಾರಿ ಬ್ಯಾಟರಿಗೆ ವರ್ಷವಿಡೀ ಮಳೆನೀರೇ. ಅಂಗಳದ ನಡುವೆ ಸ್ಟೀಲ್ ಕೊಡಪಾನ ಇಟ್ಟು, ಮೇಲೆ ಬಿಳಿ ಬಟ್ಟೆ ಕಟ್ಟಿ ಹಿಡಿದ ನೀರು ಬಾಟ್ಲಿಯಲ್ಲಿ ತುಂಬಿಡ್ತಿದ್ರು. ಬ್ಯಾಟರಿಗೆ ಎಂತದೂ ಆಗಲಿಲ್ಲ. ನಿಮ್ಮ ಮಾನದಂಡ ಹುಟ್ಟುವ ಮೊದಲೂ ಲಾರಿ ಓಡ್ತಿತ್ತು.

ಕೊಟ್ಟಾರ ಕೆಮಿಸ್ಟ್ರಿ:
ಲಾರಿ ಬ್ಯಾಟರಿ ಸ್ಟಾರ್ಟ್ ಮಾಡುವಾಗ ಕೆಲವು ಸೆಕೆಂಡ್ ಕರೆಂಟ್ ಕೊಡ್ತದೆ, ಆಮೇಲೆ ಆಲ್ಟರ್ನೇಟರ್ ತುಂಬಿಸ್ತದೆ. ಮನೆಯ ಸೋಲಾರ್ ಬ್ಯಾಟರಿ ದಿನಾ ಅರ್ಧ ಇಳಿದು ಮತ್ತೆ ತುಂಬಬೇಕು. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸುರತ್ಕಲ್ ಎರಡನೇ ಮಹಡಿ:
ಮಳೆನೀರು ಬೇಡದಿದ್ದರೆ ಎಸಿ ನೀರು ಹಾಕಿ. ಎಸಿಯಿಂದ ತೊಟ್ಟಿಕ್ಕುವುದು ಗಾಳಿಯ ಆವಿ ತಣ್ಣಗಾಗಿ ಇಳಿದ ನೀರು, ಅಂದರೆ ಡಿಸ್ಟಿಲ್ಡ್ ವಾಟರ್ರೇ. ನಮ್ಮ ಸೆಕೆಗೆ ದಿನಕ್ಕೆ ಬಕೆಟ್ಟೇ ತುಂಬುತ್ತದೆ. ಟಿಡಿಎಸ್ ಮೀಟರ್ ಇಟ್ಟು ನೋಡಿದ್ದೇನೆ, ಬಾವಿ ನೀರಿಗಿಂತ ಎಷ್ಟೋ ಕಡಿಮೆ.

ಕೊಟ್ಟಾರ ಕೆಮಿಸ್ಟ್ರಿ:
ಆ ಆವಿ ಇಳಿಯುವುದು ಯಾವುದರ ಮೇಲೆ? ಅಲ್ಯೂಮಿನಿಯಂ ಫಿನ್, ಒಳಗೆ ತಾಮ್ರದ ಕೊಳವೆ, ಮೇಲೆ ಧೂಳು, ಲೋಳೆ. ತಾಮ್ರ ಸ್ವಲ್ಪವೇ ಸೇರಿದರೂ ನೆಗೆಟಿವ್ ಪ್ಲೇಟಿನ ಮೇಲೆ ಕೂತು ಗ್ಯಾಸ್ ಹೆಚ್ಚಿಸ್ತದೆ, ಬ್ಯಾಟರಿ ಸುಮ್ಮನಿದ್ದಾಗಲೂ ಚಾರ್ಜ್ ಇಳಿಯುತ್ತದೆ. ಟಿಡಿಎಸ್ ಮೀಟರ್ ಒಟ್ಟು ಎಷ್ಟು ಕರಗಿದೆ ಅಂತ ಅಂದಾಜು ಕೊಡ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ.

ಬ್ರಹ್ಮಾವರ ತೋಟ:
ನಾನು ಕೇಳಿದ್ದು ಯಾವ ಬ್ಯಾಟರಿ ಅಂತ. ಪಂಪಿನ ಬಗ್ಗೆ ಯಾರಾದರೂ ಹೇಳ್ತೀರಾ? ನೀರಿಲ್ಲದಿದ್ದರೆ ಫ್ಯಾನ್ ಇದ್ದೂ ಪ್ರಯೋಜನವಿಲ್ಲ.

ಎಂಡ್‌ಪಾಯಿಂಟ್ ಮಣಿಪಾಲ:
ಪಂಪು ಓಡುವಾಗ ಒಂದು ಕಿಲೋವ್ಯಾಟ್ ಒಳಗೇ. ಕಷ್ಟ ಇರುವುದು ಸ್ಟಾರ್ಟಿಂಗಿನಲ್ಲಿ. ಆ ಒಂದು ಕ್ಷಣ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಹಾಗಾಗಿ ಇನ್ವರ್ಟರ್‌ನ ಸರ್ಜ್ (ಒಂದು ಕ್ಷಣ ತಡೆಯುವ ಲೋಡ್) ಎಷ್ಟು, ಬಿಎಂಎಸ್ ಎಷ್ಟು ಆಂಪಿಯರ್ ಬಿಡ್ತದೆ, ಎರಡನ್ನೂ ಕೊಟೇಶನ್‌ನಲ್ಲಿ ಬರೆಸಿಕೊಳ್ಳಿ. ಹಗಲು ಪ್ಯಾನೆಲ್ ಕೊಡುವಾಗಲೇ ಟ್ಯಾಂಕ್ ತುಂಬಿಸಿ. ಹಳೆ 12 ವೋಲ್ಟ್ ಇನ್ವರ್ಟರ್‌ಗೆ ಲಿಥಿಯಂ ಬ್ಯಾಟರಿ ಸಿಕ್ಕಿಸುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ನಾಲ್ಕು ಸೆಲ್ಲಿನ ಎಲ್‌ಎಫ್‌ಪಿಗೆ 14.6 ವೋಲ್ಟ್ ಗರಿಷ್ಠ. ಟ್ಯೂಬ್ಯುಲರ್‌ಗೆಂದು ಈಕ್ವಲೈಸ್ (ಬೇಕೆಂದೇ ಹೆಚ್ಚು ವೋಲ್ಟ್‌ನಲ್ಲಿ ಚಾರ್ಜ್) ಮಾಡುವ ಇನ್ವರ್ಟರ್ ಅದನ್ನು ದಾಟಿಸಿಬಿಡ್ತದೆ.

ಕಾರ್ಕಳ ಗ್ಯಾರೇಜ್:
"ಬಿಎಂಎಸ್ ಎಷ್ಟು ಆಂಪಿಯರ್ ಬಿಡ್ತದೆ". ನೋಡಿ, ನೀವೇ ಹೇಳಿದಿರಿ. ನನ್ನ ಟ್ಯೂಬ್ಯುಲರ್‌ಗೆ ಯಾರ ಅಪ್ಪಣೆಯೂ ಬೇಡ. ಸ್ವಲ್ಪ ವೋಲ್ಟ್ ಕುಸಿಯುತ್ತದೆ, ಮೋಟಾರ್ ಎತ್ತಿಕೊಳ್ತದೆ, ಮುಗೀತು. ಲಿಥಿಯಂ ಆದರೆ ಪಟಕ್ಕನೆ ಕಟ್ ಆಗಿ ಇಡೀ ಮನೆ ಕತ್ತಲೆ. ಮತ್ತೆ ಬೆಂಕಿ? 2022ರಲ್ಲಿ ಇಲೆಕ್ಟ್ರಿಕ್ ಸ್ಕೂಟರ್‌ಗಳು ಸಾಲಾಗಿ ಹೊತ್ತಿ ಉರಿದದ್ದು ಮರೆತಿರಾ? ಅದನ್ನು ಚಾವಡಿಯಲ್ಲಿ ಇಟ್ಟು ಮಲಗುವುದಾ?

ಎಂಡ್‌ಪಾಯಿಂಟ್ ಮಣಿಪಾಲ:
ಸ್ಕೂಟರ್ ಉದಾಹರಣೆ ತಂದು ಹೆದರಿಸಬೇಡಿ. ಲಿಥಿಯಂ ಅಂದರೆಲ್ಲ ಒಂದೇ ಅಲ್ಲ. ಕೋಬಾಲ್ಟ್ ಇರುವ ಎನ್‌ಎಂಸಿ ಬೇರೆ, ಕಬ್ಬಿಣದ ಫಾಸ್ಫೇಟ್ ಇರುವ ಎಲ್‌ಎಫ್‌ಪಿ ಬೇರೆ. ಎಲ್‌ಎಫ್‌ಪಿ ಕೆಡಬೇಕಾದರೆ ಹೆಚ್ಚು ಶಾಖ ಬೇಕು, ಕೆಟ್ಟರೂ ಆಮ್ಲಜನಕ ಸುಲಭಕ್ಕೆ ಬಿಡುವುದಿಲ್ಲ. ಟೆಸ್ಲಾ ಕೂಡ ಪವರ್‌ವಾಲ್ 2ರಲ್ಲಿದ್ದ ಎನ್‌ಎಂಸಿ ಬಿಟ್ಟು ಪವರ್‌ವಾಲ್ 3ಕ್ಕೆ ಎಲ್‌ಎಫ್‌ಪಿ ಹಾಕಿತು. ನಿಮ್ಮ ಟ್ಯೂಬ್ಯುಲರ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡ್ತದಲ್ಲ, ಅದನ್ನು ಯಾಕೆ ಹೇಳುವುದಿಲ್ಲ? ಗಾಳಿಯಾಡದ ಮೆಟ್ಟಿಲಡಿಯ ಗೂಡಿನಲ್ಲಿ ನಾಲ್ಕು ಇಡಿಸಿ ಬರುವವರು ಯಾರು?

ಕಾರ್ಕಳ ಗ್ಯಾರೇಜ್:
ನಾನು ಒಂದು ಬ್ಯಾಟರಿಯನ್ನೂ ಮೆಟ್ಟಿಲಡಿ ಇಡಿಸಿದವನಲ್ಲ. ಮಾತು ಹಿಡಿತದಲ್ಲಿರಲಿ. ಟೆಸ್ಲಾ ಬೇಕಾದರೆ ಅಮೆರಿಕಕ್ಕೆ ಹೋಗಿ, ಇಲ್ಲಿ ಬ್ರಹ್ಮಾವರದ ಮನೆಯ ವಿಷಯ ಮಾತಾಡ್ತಿರುವುದು.

ಮೂಡುಬಿದಿರೆ ಕೆಂಪುಕಲ್ಲು:
ಎರಡೂ ಕಡೆಯವರು ಸಿಡಿಲಿನ ವಿಷಯ ಎತ್ತಲೇ ಇಲ್ಲ. ಏಪ್ರಿಲ್, ಮೇ ಮತ್ತು ಅಕ್ಟೋಬರ್‌ನ ಸಂಜೆ ಗುಡುಗು ನಮ್ಮಲ್ಲಿ ಹೇಗಿರ್ತದೆ ಅಂತ ಗೊತ್ತಿಲ್ಲವಾ? ನಮ್ಮ ಪಕ್ಕದ ಮನೆಯಲ್ಲಿ ತೆಂಗಿನ ಮರಕ್ಕೆ ಹೊಡೆದ ಸಿಡಿಲಿಗೆ ಇನ್ವರ್ಟರ್, ಟಿವಿ, ಪಂಪಿನ ಸ್ಟಾರ್ಟರ್ ಒಟ್ಟಿಗೆ ಹೋಯ್ತು. ಪ್ಯಾನೆಲ್ ಕಡೆಗೂ ಮೀಟರ್ ಕಡೆಗೂ ಬೇರೆ ಬೇರೆ ಎಸ್‌ಪಿಡಿ (ಸಿಡಿಲಿನಿಂದ ಏರುವ ವೋಲ್ಟ್ ತಡೆಯುವ ಸಾಧನ) ಬೇಕು. ಮುರಕಲ್ಲಿನ ಗುಡ್ಡದಲ್ಲಿ ಅರ್ಥಿಂಗ್ ಸುಲಭಕ್ಕೆ ಸಿಗುವುದಿಲ್ಲ. ಗುಂಡಿ ತೋಡಿ ರೆಸಿಸ್ಟೆನ್ಸ್ ಅಳೆಸಿ. ಅಳೆಯದೆ ಕೊಳವೆ ಹೂತು ಹೋಗುವವರನ್ನು ನಂಬಬೇಡಿ. ಇದು ಸರಿಯಾಗದೆ ಲಿಥಿಯಂ ಹಾಕಿದರೆ ಮೊದಲು ಹೋಗುವುದು ಆ ಬಿಎಂಎಸ್ ಬೋರ್ಡೇ.

ಕುಂದಾಪ್ರ ಹೈದ:
ಸಿಡಿಲು ಬಿಡಿ. ಅಕ್ಕ, ನೀವು "ಕ್ಲೋರೈಡ್ ಇದ್ದೇ ಇರ್ತದೆ" ಅಂದ್ರಿ. ಎಷ್ಟು? ನಮ್ಮ ಬಾವಿಯಲ್ಲೂ ಇತ್ತು, ಬೆವರಲ್ಲೂ ಇತ್ತು. ಎಷ್ಟು ಅಂತ ಹೇಳದೆ ಇದ್ದೇ ಇರ್ತದೆ ಅಂದ್ರೆ ಆಯ್ತಾ?

ಕೊಟ್ಟಾರ ಕೆಮಿಸ್ಟ್ರಿ:
ಎಷ್ಟು ಅನ್ನುವುದು ಕಡಲಿನಿಂದ ಎಷ್ಟು ದೂರ, ಗಾಳಿ ಎಷ್ಟು, ಮೊದಲ ಮಳೆಯೋ ಕೊನೆಯದೋ ಅನ್ನುವುದರ ಮೇಲೆ ಹೋಗ್ತದೆ. ಅದಕ್ಕೇ ಬೇಡ ಅಂದದ್ದು. ಬಾಟ್ಲಿ ನೀರಾದರೆ ಪ್ರತಿ ಸಲ ಒಂದೇ ತರ ಇರ್ತದೆ. ಇನ್ನೊಂದು ಮರೆಯಬೇಡಿ, ಆವಿಯಾಗಿ ಹೋಗುವುದು ನೀರು ಮಾತ್ರ. ಹಾಕಿದ ಉಪ್ಪೆಲ್ಲ ಒಳಗೇ ಉಳಿಯುತ್ತದೆ. ಪ್ರತಿ ಸಲ ಹೊಯ್ದಾಗಲೂ ಮೇಲೆ ಮೇಲೆ ಸೇರುತ್ತ ಹೋಗ್ತದೆ, ಒಲೆಯ ಮೇಲಿಟ್ಟ ಸಾರು ಬತ್ತಿದ ಹಾಗೆ.

ಕಾರ್ಕಳ ಗ್ಯಾರೇಜ್:
"ಬಾಟ್ಲಿ ನೀರು ಒಂದೇ ತರ" ಅಂತ ಯಾರು ಹೇಳಿದ್ದು? ಪೇಟೆಯಲ್ಲಿ ಲೇಬಲ್ ಇಲ್ಲದ ಕ್ಯಾನಿನಲ್ಲಿ ಬರುವುದು ಎಂತ ನೀರು ಅಂತ ಮಾರುವವನಿಗೇ ಗೊತ್ತಿಲ್ಲ. ಅದಕ್ಕಿಂತ ಆಕಾಶದಿಂದ ಬಿದ್ದದ್ದು ವಾಸಿ. ಕಾರ್ಕಳ ಕಡಲ ಬದಿಯಲ್ಲೂ ಇಲ್ಲ.

ಕೊಟ್ಟಾರ ಕೆಮಿಸ್ಟ್ರಿ:
ಲೇಬಲ್ ಇಲ್ಲದ್ದು ಕೊಳ್ಳಿ ಅಂತ ನಾನು ಎಲ್ಲಿ ಹೇಳಿದೆ? ನಾನು ಹೇಳದ ಮಾತು ನನ್ನ ಬಾಯಿಗೆ ತುರುಕಬೇಡಿ. ನಿಮ್ಮ ಮಾತು ನಂಬಿ ಯಾರೋ ಹಂಚಿನ ಮಾಡಿನಿಂದ ಇಳಿದ ನೀರು ಹೊಯ್ದು ಹೊಸ ಬ್ಯಾಟರಿ ಹಾಳು ಮಾಡಿಕೊಂಡರೆ ನೀವು ದುಡ್ಡು ಕೊಡ್ತೀರಾ? ಕಾರ್ಕಳಕ್ಕೆ ಬರುವ ಮೋಡವೂ ಇದೇ ಕಡಲಿನದ್ದು.

ಉಳ್ಳಾಲ ಕಡಲತಡಿ:
ಉಪ್ಪಿನ ಗಾಳಿಯಲ್ಲೇ ಬದುಕುವವ ನಾನು. ಟ್ಯೂಬ್ಯುಲರ್‌ನ ಟರ್ಮಿನಲ್‌ಗೆ ಆಸಿಡ್ ಹಬೆ, ಉಪ್ಪು ಎರಡೂ ಸೇರಿ ಹಸಿರು ಬಿಳಿ ಹೂ ಅರಳುತ್ತದೆ. ವ್ಯಾಸಲಿನ್ ಹಚ್ಚಿದರೂ ಮಳೆಗಾಲ ಮುಗಿಯುವಾಗ ನಟ್ಟು ಬಿಚ್ಚಲಿಕ್ಕಾಗುವುದಿಲ್ಲ. ಲಿಥಿಯಂ ಹಾಕಿದ ಮೇಲೆ ಆ ತೊಂದರೆ ಇಲ್ಲ. ಆದರೆ ಪೆಟ್ಟಿಗೆಯನ್ನು ಪಡುವಣ ಗೋಡೆಗೆ ನೇತುಹಾಕಬೇಡಿ. ಸಂಜೆ ಬಿಸಿಲಿಗೆ ಗೋಡೆ ಕಾಯುತ್ತದೆ, ಶಾಖಕ್ಕೆ ಲಿಥಿಯಂನ ಆಯುಷ್ಯವೂ ಕಮ್ಮಿಯಾಗ್ತದೆ.

ಕಾರ್ಕಳ ಗ್ಯಾರೇಜ್:
"ಲಿಥಿಯಂನ ಆಯುಷ್ಯವೂ ಕಮ್ಮಿಯಾಗ್ತದೆ". ಕೇಳಿಸಿತಾ ಮಣಿಪಾಲದವರೇ? ಲಿಥಿಯಂನವರೇ ಹೇಳಿದ್ದು.

ಎಂಡ್‌ಪಾಯಿಂಟ್ ಮಣಿಪಾಲ:
ಶಾಖಕ್ಕೆ ಲೆಡ್ ಆಸಿಡ್ ಆಯುಷ್ಯ ಇನ್ನೂ ಬೇಗ ಇಳಿಯುತ್ತದೆ. ಅರ್ಧ ವಾಕ್ಯ ಹಿಡಿದು ಗೆದ್ದೆ ಅಂತ ಕುಣಿಯಬೇಡಿ. ದಿನಾ ಸೋಲಾರ್‌ನಿಂದ ತುಂಬಿ ರಾತ್ರಿ ಖಾಲಿ ಮಾಡುವುದಾದರೆ ಎಲ್‌ಎಫ್‌ಪಿ ಮೂರು ಸಾವಿರ ಸೈಕಲ್‌ಗಿಂತ (ಒಮ್ಮೆ ತುಂಬಿ ಖಾಲಿಯಾದರೆ ಒಂದು ಸೈಕಲ್) ಹೆಚ್ಚು ಬರ್ತದೆ. ಟ್ಯೂಬ್ಯುಲರ್ ಅದರ ಅರ್ಧಕ್ಕೆ ಬಂದರೂ ಪುಣ್ಯ.

ಸುರತ್ಕಲ್ ಎರಡನೇ ಮಹಡಿ:
"ದಿನಾ ಖಾಲಿ ಮಾಡುವುದಾದರೆ" ತಾನೇ? ನೆಟ್ ಮೀಟರ್ ಇರುವವ ದಿನಾ ಯಾಕೆ ಖಾಲಿ ಮಾಡ್ತಾನೆ? ಹಗಲಿನ ಯೂನಿಟ್ ಮೆಸ್ಕಾಂ ಲೈನಿಗೆ ಹೋಗಿ ಲೆಕ್ಕಕ್ಕೆ ಬರ್ತದೆ. ಬ್ಯಾಟರಿ ಬೇಕಾದದ್ದು ಮರ ಬಿದ್ದಾಗ ಮಾತ್ರ. ವರ್ಷಕ್ಕೆ ಕೆಲವೇ ಸಲ ಬಳಸಲಿಕ್ಕೆ ಮೂರು ಸಾವಿರ ಸೈಕಲ್ ತೆಗೆದುಕೊಂಡು ಎಂತ ಮಾಡುವುದು?

ಎಂಡ್‌ಪಾಯಿಂಟ್ ಮಣಿಪಾಲ:
ಬಳಸದೆ ಇಟ್ಟ ಟ್ಯೂಬ್ಯುಲರ್ ಕೂಡ ಕೆಡ್ತದೆ. ಫುಲ್ ಆದ ಮೇಲಿನ ಫ್ಲೋಟ್ ಚಾರ್ಜಿನಲ್ಲಿ ಸುಮ್ಮನೆ ಕೂತು, ನೀರು ಇಳಿದು, ಬೇಕಾದ ದಿನ ಕೈಕೊಡ್ತದೆ.

ಬ್ರಹ್ಮಾವರ ತೋಟ:
ಲಿಥಿಯಂನವರಿಗೆ ಫೋನ್ ಮಾಡಿ ಸರ್ಜ್ ಮತ್ತು ಬಿಎಂಎಸ್ ಆಂಪಿಯರ್ ಬರೆದು ಕೊಡಿ ಅಂದಿದ್ದೇನೆ. ಎರಡು ಎಸ್‌ಪಿಡಿ, ಅರ್ಥಿಂಗ್ ಅಳತೆ ಕೂಡ ಕೊಟೇಶನ್‌ಗೆ ಸೇರಿಸಲು ಹೇಳಿದೆ. ಬರೆದು ಕೊಡದಿದ್ದರೆ ಟ್ಯೂಬ್ಯುಲರ್. ಆಗ ನೀರು ಬಾಟ್ಲಿಯದ್ದೇ.

ಕುಂದಾಪ್ರ ಹೈದ:
"ಬಾಟ್ಲಿಯದ್ದೇ" ಅಂತ ಎಂತಕ್ಕೆ? ಇಲ್ಲಿ ಇನ್ನೂ ತೀರ್ಮಾನ ಆಗಲಿಲ್ಲ ಕಾಣಿ. ಈ ಸಲ ನಮ್ಮ ಅಂಗಳದ ಮಳೆನೀರು ಹಿಡಿದು ಲ್ಯಾಬಿಗೆ ಕೊಡ್ತೇನೆ. ಫೀಸು ಯಾರು ಕೊಡುವುದು ಅಂತ ಮೊದಲೇ ಹೇಳಿ.

ಕೊಟ್ಟಾರ ಕೆಮಿಸ್ಟ್ರಿ:
ಫೀಸು ನಾನು ಕೊಡ್ತೇನೆ. ಜೂನಿನ ಮೊದಲ ಮಳೆಯದ್ದೇ ಹಿಡಿಯಿರಿ. ಸ್ಟೀಲ್ ಬೇಡ, ಡಿಸ್ಟಿಲ್ಡ್ ನೀರಿನಲ್ಲಿ ತೊಳೆದ ಪ್ಲಾಸ್ಟಿಕ್ ಡಬ್ಬ ಇಡಿ. ಕ್ಲೋರೈಡ್, ಕಬ್ಬಿಣ ಎರಡೂ ಬೇರೆ ಬೇರೆ ನೋಡಿಸಿ, ಐಎಸ್ 1069ರ ಪಕ್ಕ ಇಟ್ಟು ಇಲ್ಲೇ ಹಾಕುವ.

ಕಾರ್ಕಳ ಗ್ಯಾರೇಜ್:
ಮೊದಲ ಮಳೆಯದ್ದು ಎಂತಕ್ಕೆ? ಮೊದಲ ಮಳೆಯ ನೀರು ಯಾರೂ ಹಿಡಿಯುವುದಿಲ್ಲ, ಅದು ಧೂಳು ತೊಳೆಯುವ ನೀರು ಅಂತ ಮಕ್ಕಳಿಗೂ ಗೊತ್ತು. ಟೆಸ್ಟ್ ಮಾಡುವುದಾದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯದ್ದು ಮಾಡಿ. ಇಲ್ಲದಿದ್ದರೆ ನಾನು ಆ ರಿಪೋರ್ಟ್ ಒಪ್ಪುವುದಿಲ್ಲ, ಈಗಲೇ ಹೇಳಿದ್ದೇನೆ.