ಇಮ್ಮರ್ಸಿವ್ ತಂತ್ರಜ್ಞಾನ: ‘ತಲ್ಲೀನ’ ಎಲ್ಲ ಕಡೆಗೂ ಒಗ್ಗುತ್ತದೆಯೇ?

ವರ್ಚುವಲ್ ರಿಯಾಲಿಟಿ (ಕಣ್ಣಿಗೆ ಕಟ್ಟಿಕೊಂಡ ಸಾಧನದಲ್ಲಿ ಕಾಣುವ ಕೃತಕ ಲೋಕ), ಆಗ್ಮೆಂಟೆಡ್ ರಿಯಾಲಿಟಿ (ಎದುರಿನ ನಿಜ ಲೋಕದ ಮೇಲೆಯೇ ಮೂಡಿಸಿ ತೋರಿಸುವ ಚಿತ್ರ, ಮಾಹಿತಿ) ಎರಡನ್ನೂ ಸೇರಿಸಿ ಹೇಳುವ ‘ಇಮ್ಮರ್ಸಿವ್’ ಪದಕ್ಕೆ ಕನ್ನಡ ಬರಹಗಳಲ್ಲಿ ‘ತಲ್ಲೀನಗೊಳಿಸುವ’ ಎಂದು ಬಳಸುವುದನ್ನು ನೋಡುತ್ತಿದ್ದೇನೆ. ತತ್, ಲೀನ ಸೇರಿ ತಲ್ಲೀನ. ಅದರಲ್ಲೇ ಕರಗಿದವನು ಎಂದರ್ಥ. ಸಂಗೀತ ಕೇಳುವವನಿಗೆ ಹೇಳಿ ಮಾಡಿಸಿದ ಮಾತು. ಈ ತಂತ್ರಜ್ಞಾನ ಬಳಕೆಯಲ್ಲಿರುವ ಎಲ್ಲ ಕಸುಬುಗಳಿಗೂ ಅದು ಒಪ್ಪುತ್ತದೆಯೇ?

ಆಸ್ಪತ್ರೆಗೆ ಒಪ್ಪುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳಿಗಾಗಿ ‘ಸ್ನೋವರ್ಲ್ಡ್’ ಎಂಬ ವರ್ಚುವಲ್ ರಿಯಾಲಿಟಿ ಆಟ ರೂಪಿಸಿದರು. ದಾದಿ ಗಾಯ ತೊಳೆಯುವ ಹೊತ್ತಿನಲ್ಲಿ ರೋಗಿ ಹಿಮದ ಕಣಿವೆಯಲ್ಲಿ ತೇಲುತ್ತ, ಹಿಮಮಾನವರ ಮೇಲೆ, ಪೆಂಗ್ವಿನ್‌ಗಳ ಮೇಲೆ ಹಿಮದುಂಡೆ ಎಸೆಯುತ್ತಾನೆ. ಗಮನ ಅತ್ತ ಹರಿದಷ್ಟೂ ನೋವಿನ ಅರಿವು ತಗ್ಗುತ್ತದೆ. ಇಲ್ಲಿ ಮೈಮರೆಯುವುದೇ ಮದ್ದು.

ವಿಮಾನ ಕಾರ್ಖಾನೆಗೆ ಬನ್ನಿ. ‘ಆಗ್ಮೆಂಟೆಡ್ ರಿಯಾಲಿಟಿ’ ಎಂಬ ಹೆಸರು ಬಂದದ್ದು ಬೋಯಿಂಗ್‌ನ ಟಾಮ್ ಕಾಡೆಲ್ ಅವರಿಂದ. ಅವರೂ ಡೇವಿಡ್ ಮೈಜೆಲ್ ಅವರೂ ಬರೆದ ಪ್ರಬಂಧ 1992ರದು. ವಿಮಾನದ ತಂತಿಗಳ ಕಟ್ಟನ್ನು ದೊಡ್ಡ ಹಲಗೆಗಳ ಮೇಲೆ ಜೋಡಿಸುತ್ತಿದ್ದರು, ಒಂದೊಂದು ಕಟ್ಟಿಗೂ ಬೇರೆ ನಕ್ಷೆ. ಕಾರ್ಮಿಕನ ಕಣ್ಣಿನ ಮುಂದಿನ ಪಾರದರ್ಶಕ ಪರದೆಯಲ್ಲೇ ತಂತಿಯ ದಾರಿಯನ್ನು ತೋರಿಸಿದರೆ ಖಾಲಿ ಹಲಗೆಯೇ ಸಾಕು ಎಂಬುದು ಅವರ ಯೋಚನೆ. ಇವನು ತಲ್ಲೀನನಾದರೆ ಕೆಲಸ ಕೆಟ್ಟಿತು! ಮೈಯೆಲ್ಲ ಕಣ್ಣಾಗಿ ಎದುರಿನ ಹಲಗೆಯನ್ನೂ ಕೈಯಲ್ಲಿರುವ ತಂತಿಯನ್ನೂ ನೋಡುತ್ತಿರಬೇಕು.

ವರ್ಚುವಲ್ ರಿಯಾಲಿಟಿಗೆ ಕನ್ನಡದಲ್ಲಿ ಬಳಸುವ ‘ಮಿಥ್ಯಾ ವಾಸ್ತವ’ದ ಬಗ್ಗೆ ನನಗೆ ತಕರಾರಿಲ್ಲ, ಬೆಳಕಿನ ಪಾಠದ ‘ಮಿಥ್ಯಾಬಿಂಬ’ (ವರ್ಚುವಲ್ ಇಮೇಜ್) ಅದಕ್ಕೆ ದಾರಿ ಮಾಡಿಕೊಟ್ಟಿದೆ. ಎತ್ತರದ ಭಯ ಇರುವವರಿಗೆ ಇದರಲ್ಲೇ ಚಿಕಿತ್ಸೆ ನೀಡುತ್ತಾರೆ. ಅಲ್ಲಿ ಕಾಣುವ ಎತ್ತರದ ಕಟ್ಟಡ ಮಿಥ್ಯೆ, ನಡುಕ ಮಾತ್ರ ನಿಜ.

ಅದ್ವೈತಿಗಳು ಮಾಯೆಗೆ ಎರಡು ಶಕ್ತಿಗಳನ್ನು ಹೇಳುತ್ತಾರೆ: ಇರುವುದನ್ನು ಮುಚ್ಚುವ ಆವರಣ, ಇಲ್ಲದ್ದನ್ನು ತೋರಿಸುವ ವಿಕ್ಷೇಪ. ಹಗ್ಗ ಮರೆಯಾಗಬೇಕು, ಹಾವು ಕಾಣಬೇಕು. ಹಿಮದ ಕಣಿವೆಯಲ್ಲಿ ಎರಡೂ ಇವೆ. ಬೋಯಿಂಗ್‌ನ ಹಲಗೆಯಲ್ಲಿ ವಿಕ್ಷೇಪ ಮಾತ್ರ ಇದೆ, ಹಲಗೆ ಹಲಗೆಯಾಗಿಯೇ ಉಳಿಯುತ್ತದೆ. ಇಷ್ಟು ಸ್ಪಷ್ಟವಾದ ಭೇದ ನಮ್ಮಲ್ಲಿರುವಾಗ ಎರಡನ್ನೂ ‘ತಲ್ಲೀನ’ದ ಚೀಲಕ್ಕೆ ತುಂಬುವುದು ನನಗೆ ಸರಿಕಾಣುವುದಿಲ್ಲ.

ಮೊದಲನೆಯದಕ್ಕೆ ‘ಆವರಿಸುವ’ ಎನ್ನಬಹುದು. ಕತ್ತಲೆ ಕವಿಯಿತು, ಮೋಡ ಕವಿಯಿತು ಎನ್ನುವ ‘ಕವಿ’ ಧಾತುವೂ ಇದೆ. ಎರಡನೆಯದಕ್ಕೆ ‘ವಿಕ್ಷೇಪ’ ಭಾರವಾಯಿತು, ಮನಸ್ಸಿನ ಚಂಚಲತೆ ಎಂಬ ಅರ್ಥವೂ ಅದಕ್ಕೆ ಅಂಟಿದೆ. ಯಂತ್ರ ದುರಸ್ತಿ, ಶಸ್ತ್ರಚಿಕಿತ್ಸೆಯ ತರಬೇತಿ, ಕಟ್ಟಡ ವಿನ್ಯಾಸದಲ್ಲಿ ಇವನ್ನು ದಿನವೂ ಬಳಸುವವರು ಕನ್ನಡದಲ್ಲಿ ಮಾತನಾಡುವಾಗ ಏನೆನ್ನುತ್ತೀರಿ? ಇಡೀ ವಾಕ್ಯವನ್ನೇ ಬರೆದು ತಿಳಿಸಿದರೆ ಒಳ್ಳೆಯದು.