ಬಿ1 ಪಾಸಾದ್ರೂ ಬಾಯಲ್ಲಿ ಜರ್ಮನ್ ಬರ್ತಿಲ್ಲ, ಬರೀ ಕೇಳಿಸ್ಕೊಂಡ್ರೆ ಸಾಕಾ?

ಮುದ್ದೆಪ್ರಿಯ:
ಎಲ್ರಿಗೂ ನಮಸ್ಕಾರ. ಸ್ಟುಟ್‌ಗಾರ್ಟ್‌ಗೆ ಬಂದು ಎರಡು ವರ್ಷ ಆಯ್ತು, ಬಿ1 (ಜರ್ಮನ್‌ನ ಮಧ್ಯಮ ಮಟ್ಟದ ಪರೀಕ್ಷೆ) ಮುಗಿಸಿದೀನಿ, ಗ್ರಾಮರ್ ರೂಲ್ ನಿದ್ದೆಗಣ್ಣಲ್ಲಿ ಕೇಳಿದ್ರೂ ಹೇಳ್ತೀನಿ. ಆದ್ರೆ ಆಫೀಸಲ್ಲಿ ಕಾಫಿ ಮಷೀನ್ ಹತ್ರ ಯಾರಾದ್ರೂ ವೀಕೆಂಡ್ ಹೆಂಗಿತ್ತು ಅಂದ್ರೆ 'ಗೆಸ್ಟರ್ನ್ ಇಷ್ ಬಿನ್ ನಾಖ್ ಉಲ್ಮ್ ಗೆಫಾರೆನ್' (ನಿನ್ನೆ ನಾನು ಉಲ್ಮ್ ಊರಿಗೆ ಹೋಗಿದ್ದೆ) ಅಂತಾನೇ ಬರುತ್ತೆ. 'ಗೆಸ್ಟರ್ನ್ ಬಿನ್ ಇಷ್' ಅನ್ಬೇಕು ಅಂತ ಗೊತ್ತು, ಅದು ನೆನಪಾಗೋದು ಕಪ್ ತಗೊಂಡು ಸೀಟಿಗೆ ಬಂದ್ಮೇಲೆ. ರೂಮ್‌ಮೇಟ್ ಆಗಿದ್ದ ಗೆಳೆಯ ಹೇಳ್ತಾನೆ, ಕ್ಲಾಸಿಗೆ ದುಡ್ಡು ಸುರಿಬೇಡ, ಕ್ರಾಶನ್ ಅನ್ನೋ ಭಾಷಾವಿಜ್ಞಾನಿ ಹೇಳಿದಾರೆ, ಅರ್ಥ ಆಗೋ ಭಾಷೆ ಕಿವಿಗೆ ಬೀಳ್ತಿದ್ರೆ ಮಾತು ತಾನಾಗೇ ಬರುತ್ತೆ ಅಂತ. ಆರು ತಿಂಗಳಿಂದ ದಿನಾ ಪಾಡ್‌ಕಾಸ್ಟ್ ಕೇಳ್ತಿದೀನಿ, ಅರ್ಥ ಆಗೋದು ಜಾಸ್ತಿ ಆಗಿದೆ, ಬಾಯಿ ಮಾತ್ರ ಅಲ್ಲೇ ಇದೆ. ಮಗಳು ಕಿಂಡರ್‌ಗಾರ್ಟನ್ ಸೇರಿ ಒಂದು ವರ್ಷ ಆಗಿಲ್ಲ, ನನ್ನೇ ತಿದ್ದುತ್ತಾಳೆ! ನಂಗೆ 34, ಇನ್ನು ಆಗಲ್ಲ ಅಂತ ಬಿಟ್ಬಿಡ್ಲಾ?

ಹಳೇ_ಬೆಂಚು:
ಬಿಡ್ಬೇಡಿ ಗುರು. ನಾನು ಎಂಎನಲ್ಲಿ ಲಿಂಗ್ವಿಸ್ಟಿಕ್ಸ್ ಓದಿದ್ದು ಇವತ್ತಾದ್ರೂ ಉಪಯೋಗಕ್ಕೆ ಬಂತು. ನಿಮ್ಮ ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ, ಸ್ಟೀಫನ್ ಕ್ರಾಶನ್ ವಾದಾನೇ ಅದು, ನಿಮ್ಮ ಮಟ್ಟಕ್ಕಿಂತ ಒಂಚೂರು ಮೇಲಿರೋ, ಆದ್ರೂ ಅರ್ಥ ಆಗೋ ಭಾಷೆ ಸಿಗ್ತಾ ಇರ್ಬೇಕು, ರೂಲ್ ಕಲಿತಿದ್ದು ಮಾತನ್ನ ಹಿಂದಿಂದ ಚೆಕ್ ಮಾಡೋಕೆ ಮಾತ್ರ ಅಂತ. ನಿಮಗೆ ಸೀಟಿಗೆ ಬಂದ್ಮೇಲೆ ನೆನಪಾಗೋದು ಅದೇ ಚೆಕಿಂಗ್, ಲೇಟಾಗಿ ಬರ್ತಿದೆ ಅಷ್ಟೇ. ಆದ್ರೆ ನಿಮ್ಮ ಕೇಸಿಗೆ ಹೇಳಿ ಮಾಡಿಸಿದಂಗಿರೋದು ಪೀನೆಮನ್ ಅನ್ನೋ ಇನ್ನೊಬ್ಬ ಭಾಷಾವಿಜ್ಞಾನಿ ಕೆಲಸ. ಜರ್ಮನಿಗೆ ದುಡಿಯೋಕೆ ಬಂದಿದ್ದ ಇಟಲಿ, ಸ್ಪೇನ್, ಪೋರ್ಚುಗಲ್ ಕಡೆಯೋರ ಮಾತು ನೋಡಿದ್ರೆ ವಾಕ್ಯದ ಕ್ರಮ ಎಲ್ರಲ್ಲೂ ಮೆಟ್ಟಿಲು ಮೆಟ್ಟಿಲಾಗಿ ಬರ್ತಿತ್ತು. ಮೊದ್ಲು ಕರ್ತೃ ಕ್ರಿಯೆ ಕರ್ಮ, ಆಮೇಲೆ 'ಗೆಸ್ಟರ್ನ್' ಥರದ್ದು ತಂದು ಮುಂದೆ ಇಡೋದು, ಆಮೇಲೆ 'ಗೆಫಾರೆನ್' ಅನ್ನೋದನ್ನ ಕೊನೆಗೆ ತಳ್ಳೋದು, ಅದಾದ್ಮೇಲೆ 'ಬಿನ್ ಇಷ್' ಅಂತ ತಿರುಗಿಸೋದು, ಕೊನೇಲಿ 'ದಾಸ್' (ಅಂತ), 'ವೈಲ್' (ಯಾಕಂದ್ರೆ) ಬಂದಾಗ ಕ್ರಿಯಾಪದ ಪೂರ್ತಿ ಹಿಂದಕ್ಕೆ. ಮಧ್ಯದ ಮೆಟ್ಟಿಲು ಹಾರೋಕಾಗಲ್ಲ. 1984ರಲ್ಲಿ ಅವರು ಇನ್ನೊಂದು ತೋರಿಸಿದ್ರು, ಮ್ಯೂನಿಕ್‌ನ ಇಟಾಲಿಯನ್ ಮಕ್ಕಳಿಗೆ ಈ ತಿರುಗಿಸೋದನ್ನ ಪಾಠ ಮಾಡಿದ್ರೆ, ಅದರ ಹಿಂದಿನ ಮೆಟ್ಟಿಲಿಗೆ ಬಂದಿದ್ದೋರಿಗೆ ಹತ್ತಿತು, ಕೆಳಗಿದ್ದೋರಿಗೆ ಇಲ್ಲ. ಈಗ ನಿಮ್ಮ ವಾಕ್ಯಾನೇ ನೋಡ್ಕೊಳ್ಳಿ, 'ಗೆಫಾರೆನ್' ಸರಿಯಾಗಿ ಕೊನೇಲಿದೆ. ಅಂದ್ರೆ ಪಾಠ ಹತ್ತೋ ಜಾಗದಲ್ಲೇ ನಿಂತಿದೀರ, ಕ್ಲಾಸು ಬಿಡೋ ಟೈಮಾ ಇದು?

ಗಿರಮಿಟ್ಟು_ಹುಬ್ಬಳ್ಳಿ:
ಮೆಟ್ಟಿಲಾ ಖರೇನ ಇರಬಹುದ್ರೀ, ಆದ್ರ ಅವರೆಲ್ಲಾ ಕ್ರಿಯಾಪದ ನಡುವ ಇಡೋ ಮಂದಿ. ನಮ್ಮದು ಹಂಗಲ್ಲಲಾ? 'ಎರ್ ಮೋರ್ಗನ್ ಕೊಮ್ಟ್' ಅಂದ್ರ 'ಅವ ನಾಳೆ ಬರ್ತಾನ', ಒಂದಕ್ಕೊಂದು ತಾಳೆ ಆಗ್ತದ, 'ದಾಸ್' ಮುಂದ ಬರ್ತದ, ನಮ್ಮ 'ಅಂತ' ಹಿಂದ ಬರ್ತದ, ಅಷ್ಟ ಫರಕು. ಟರ್ಕಿ ಮಕ್ಕಳಿಗೂ ರಷ್ಯನ್ ಮಕ್ಕಳಿಗೂ ಹೋಲಿಸಿ ನೋಡಿದಾಗ ಟರ್ಕಿ ಮಕ್ಕಳಿಗೆ ಈ ಕೊನೀ ಕ್ರಿಯಾಪದ ಲಗೂನ ಬಂದಿತ್ತಂತ, ಅವರ ಭಾಷಾನೂ ನಮ್ಮಂಗ. ನಾವು ತಪ್ಪೋದು ಕನ್ನಡದಿಂದಲ್ಲ, ಇಂಗ್ಲಿಷ್ ಗಲ್ಲಿ ಹಾದು ಹೋಗೋದ್ರಿಂದ. ನಾನು ಮೊದಲನೇ ಚಳಿಗಾಲದಾಗ 'ಐ ಆಮ್ ಕೋಲ್ಡ್' ಅನ್ನೋ ಲೆಕ್ಕದಾಗ 'ಇಷ್ ಬಿನ್ ಕಾಲ್ಟ್' ಅಂದಿದ್ದೆ, ಎಲ್ಲಾರೂ ನಕ್ರು, ನಾ ಕಲ್ಲೆದೆಯವ ಅಂದಂಗ ಆಗಿತ್ತಂತ. 'ಮಿಯರ್ ಇಸ್ಟ್ ಕಾಲ್ಟ್' ಅನ್ಬೇಕು. 'ನನಗ ಚಳಿ'! ನಮ್ಮವ್ವ ಹೇಳೋದೂ ಹಂಗ ಅಲ್ಲೇನ್ರೀ?

ಇಂಗ್ಲಿಷ್_ಮೇಷ್ಟ್ರು_ತಿಪಟೂರು:
ಕೇಳಿದ್ರೆ ಸಾಕಾ ಅನ್ನೋದಕ್ಕೆ ಕೆನಡಾದಲ್ಲೇ ಉತ್ತರ ಸಿಕ್ಕಿದೆ. ಅಲ್ಲಿ 1965ರಿಂದ ಇಂಗ್ಲಿಷ್ ಮನೆಮಾತಿನ ಮಕ್ಕಳಿಗೆ ಪಾಠಾನೇ ಫ್ರೆಂಚಲ್ಲಿ ಮಾಡ್ತಾ ಬಂದ್ರು, ವರ್ಷಗಟ್ಟಲೆ ಕೇಳಿ ಅರ್ಥ ಮಾಡ್ಕೊಳ್ಳೋದ್ರಲ್ಲಿ ಫ್ರೆಂಚ್ ಮಕ್ಕಳ ಹತ್ತಿರ ಹತ್ತಿರ ಬಂದ್ರು, ಮಾತಾಡೋ ಬರೆಯೋ ವ್ಯಾಕರಣ ಹಿಂದೇನೇ ಉಳೀತು. ಅದನ್ನ ನೋಡಿ ಮೆರಿಲ್ ಸ್ವೇನ್ ಅನ್ನೋ ಅಲ್ಲಿನ ಸಂಶೋಧಕಿ 1985ರಲ್ಲಿ ಹೇಳಿದ್ದು, ಕೇಳೋವಾಗ ಅರ್ಧಂಬರ್ಧ ತಿಳಿದ್ರೂ ನಡೆಯುತ್ತೆ, ಹೇಳೋವಾಗ ನಡೆಯಲ್ಲ, ತಡವರಿಸಿದಾಗಲೇ ಏನು ಬರಲ್ಲ ಅಂತ ಗೊತ್ತಾಗೋದು ಅಂತ. ಆದ್ರೆ ಬರೀ ಡ್ರಿಲ್ ಮಾಡ್ಬೇಡಿ. ನಮ್ಮ ಬೆಂಗಳೂರಲ್ಲೇ ಎನ್.ಎಸ್. ಪ್ರಭು ಅವರು 1979ರಿಂದ ಐದು ವರ್ಷ ಶಾಲೆಗಳಲ್ಲಿ ಪ್ರಯೋಗ ಮಾಡಿದ್ರು, ಗ್ರಾಮರ್ ಪಾಠದ ಬದಲು ರೈಲ್ವೆ ಟೈಂಟೇಬಲ್ಲು, ಮ್ಯಾಪು ಕೊಟ್ಟು ಲೆಕ್ಕ ಬಿಡಿಸಿ ಅಂತ, ತಲೆ ಉತ್ತರದ ಮೇಲಿರ್ಬೇಕು, ಭಾಷೆ ಅದರ ಜೊತೆ ಬರ್ಬೇಕು. ಹೊರದೇಶದ ಪುಸ್ತಕಗಳಲ್ಲಿ 'ಬ್ಯಾಂಗಲೋರ್ ಪ್ರಾಜೆಕ್ಟ್' ಅಂತ ಈಗಲೂ ಬರುತ್ತೆ, ಇಲ್ಲಿ ಟ್ರೈನಿಂಗಿಗೆ ಹೋದ ಮೇಷ್ಟ್ರುಗಳಿಗೇ ಗೊತ್ತಿರಲ್ಲ ಬಿಡಿ. ನೀವೂ ಯಾರನ್ನಾದ್ರೂ ಕೂರಿಸ್ಕೊಂಡು ಟ್ರಿಪ್ ಪ್ಲಾನ್ ಮಾಡಿ, ಜರ್ಮನಲ್ಲಿ ಮಾತ್ರ.

ವಯಸ್ಸಿನ ವಿಷಯ: ಚಿಕ್ಕವರಾಗಿದ್ದಾಗ ಹೋದೋರಿಗೆ ಉಚ್ಚಾರಣೆ, ವ್ಯಾಕರಣ ಕೊನೆಗೆ ಚೆನ್ನಾಗಿ ಕೂರುತ್ತೆ, ಅದು ನಿಜ. ಆದ್ರೆ ಶುರುವಿನ ತಿಂಗಳುಗಳಲ್ಲಿ ದೊಡ್ಡೋರೇ ಬೇಗ ಕಲೀತಾರೆ, ಹಾಲೆಂಡಿನಲ್ಲಿ 1978ರ ಸುಮಾರಿಗೆ ಮಾಡಿದ ಅಧ್ಯಯನದಲ್ಲಿ ಹಾಗೇ ಕಂಡಿತ್ತು. ನಿಮ್ಮ ಮಗಳಿಗೆ ದಿನಕ್ಕೆ ಎಷ್ಟು ಗಂಟೆ ಜರ್ಮನ್ ಸಿಗುತ್ತೆ, ನಿಮಗೆಷ್ಟು, ಅದನ್ನೂ ಲೆಕ್ಕ ಹಾಕಿ.

ಮುದ್ದೆಪ್ರಿಯ:
ಎಲ್ರಿಗೂ ಥ್ಯಾಂಕ್ಸ್. ಲೆಕ್ಕ ಹಾಕ್ದೆ ಮೇಷ್ಟ್ರೇ, ಅವಳಿಗೆ ಏಳು ಗಂಟೆ, ನಂಗೆ ಕಾಫಿ ಮಷೀನಿನ ಹತ್ತು ನಿಮಿಷ. ಸಂಜೆ ಕ್ಲಾಸಿಗೆ ಮತ್ತೆ ಹೆಸರು ಕೊಟ್ಟಿದೀನಿ, ಶನಿವಾರದ ಟ್ರಿಪ್ ಪ್ಲಾನ್ ಮಗಳ ಜೊತೆ ಜರ್ಮನಲ್ಲಿ. 'ಪಪ್ಪಾ ನೈನ್' (ಅಪ್ಪಾ, ಹಂಗಲ್ಲ) ಅಂತ ಈಗಾಗ್ಲೇ ಮೂರು ಸಲ ಬೈಸ್ಕೊಂಡೆ.